ಎತ್ತುವ ಯಂತ್ರ, ಬರಿದು ಮಾಡುವ ಯಂತ್ರ

ಭಾರವನ್ನು ಮೇಲಕ್ಕೆತ್ತುವುದೇ ಕಷ್ಟ, ಎತ್ತಿದ್ದನ್ನು ಸುರಿದುಬಿಡುವುದು ಸುಲಭ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ನಮ್ಮ ಹಿರಿಯರು ಹಾಗೆ ಭಾವಿಸಿರಲಿಲ್ಲವೆಂಬುದಕ್ಕೆ ಕಪಿಲೆಯೇ ಸಾಕ್ಷಿ. ಪಂಪುಗಳು ಬರುವ ಮುನ್ನ ತೋಟದ ಬಾವಿಗಳಲ್ಲಿ ಎತ್ತುಗಳು ಎಳೆಯುತ್ತಿದ್ದ ಆ ಚರ್ಮದ ಚೀಲಕ್ಕೆ ಒಂದಲ್ಲ, ಎರಡು ಹಗ್ಗಗಳಿದ್ದುವು. ದಪ್ಪ ಹಗ್ಗವು ಮೇಲಿನ ರಾಟೆಯ ಮೇಲೆ ಹಾಯ್ದು ಚೀಲವನ್ನು ಎತ್ತುತ್ತಿತ್ತು. ತೆಳ್ಳನೆಯ ಹಗ್ಗವು ಕೆಳಗಿನ ಉರುಳೆಯ ಮೇಲೆ ಹಾಯ್ದು ಚೀಲದ ಸೊಂಡಿಲನ್ನು ಹಿಡಿದಿರುತ್ತಿತ್ತು. ಚೀಲ ಬಾವಿಯ ಬಾಯಿಗೆ ಬಂದಾಗ ಸೊಂಡಿಲು ಮಾತ್ರ ತಗ್ಗಿನಲ್ಲಿಯೇ ಉಳಿದು, ನೀರು ತಾನಾಗಿ ತೊಟ್ಟಿಗೆ ಸುರಿಯುತ್ತಿತ್ತು. ಎತ್ತುವುದು ಒಂದು ಕೆಲಸ, ಬರಿದು ಮಾಡುವುದು ಮತ್ತೊಂದು ಕೆಲಸ; ಎರಡಕ್ಕೂ ಬೇರೆ ಬೇರೆ ಏರ್ಪಾಡು ಬೇಕು.

ನೀರನ್ನು ಎಷ್ಟು ಎತ್ತರದಿಂದ ಸುರಿದರೂ ಅದಕ್ಕೆ ಪೆಟ್ಟಾಗುವುದಿಲ್ಲ. ಸುರಿಯಬೇಕಾದ ವಸ್ತು ಸೇಬಾದರೆ ಏನು ಗತಿ? ಅಮೆರಿಕ ಸಂಯುಕ್ತ ಸಂಸ್ಥಾನದ ವಾಯವ್ಯ ಮೂಲೆಯಲ್ಲಿರುವ ವಾಷಿಂಗ್ಟನ್ ಸಂಸ್ಥಾನದ ಯಾಕಿಮಾ ಮತ್ತು ವೆನಾಚೀ ಕಣಿವೆಗಳು ಸೇಬಿನ ಬೆಳೆಗೆ ಹೆಸರಾದುವು. ನಮ್ಮ ನಗರಗಳ ಅಂಗಡಿಗಳಲ್ಲಿ ಸಣ್ಣ ಚೀಟಿ ಅಂಟಿಸಿಕೊಂಡಿರುವ ವಿದೇಶಿ ಸೇಬುಗಳಲ್ಲಿ ಅಲ್ಲಿಯವೂ ಉಂಟು. ಆ ಹಣ್ಣು ಮರದಿಂದ ಅಂಗಡಿಗೆ ಬರುವ ಹಾದಿಯಲ್ಲಿ ಪೆಟ್ಟಿಗೆಗಳ ಅಟ್ಟಿಯೊಂದರಲ್ಲಿ ತಿಂಗಳುಗಟ್ಟಲೆ ಕಾಲ ಕಳೆದಿರುತ್ತದೆ. ಅಟ್ಟಿಯಿಂದ ಅದನ್ನು ಇಳಿಸಿ ಹೊರತೆಗೆಯುವ ಯಂತ್ರಗಳನ್ನು ಇಲ್ಲಿ ಪರಿಶೀಲಿಸೋಣ.

ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ಸೇಬನ್ನು ಸುಮಾರು 20 ಕಿಲೋಗ್ರಾಂ ಹಿಡಿಸುವ ಮರದ ಪೆಟ್ಟಿಗೆಗಳಲ್ಲಿ ತುಂಬುತ್ತಿದ್ದರು. ಒಬ್ಬ ಆಳು ಅದನ್ನೆತ್ತಿ, ಮಗುವನ್ನು ಮಲಗಿಸುವಂತೆ ಮೇಜಿನ ಮೇಲೆ ಮೆಲ್ಲನೆ ಓರೆ ಮಾಡಿ ಬರಿದು ಮಾಡಬಹುದಾಗಿತ್ತು. 1950ರ ದಶಕದಲ್ಲಿ ಇದಕ್ಕೆ ಬದಲಾಗಿ, ‘ಬಿನ್’ ಎಂದು ಕರೆಯಲಾಗುವ ದೊಡ್ಡ ಪೆಟ್ಟಿಗೆ ಬಳಕೆಗೆ ಬಂದಿತು. ಇದರ ಉದ್ದ ಅಗಲಗಳು ಸುಮಾರು 120 ಸೆಂಟಿಮೀಟರು, ಎತ್ತರ ಸುಮಾರು 75 ಸೆಂಟಿಮೀಟರು. ಇದರಲ್ಲಿ 400 ಕಿಲೋಗ್ರಾಂ, ಎಂದರೆ ಎರಡು ಸಾವಿರ ಸೇಬುಗಳು ಹಿಡಿಸುತ್ತವೆ. ಪೆಟ್ಟಿಗೆಯ ತೂಕವನ್ನೂ ಸೇರಿಸಿ ಒಟ್ಟು 460 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಇದನ್ನು ಯಾವ ಜಟ್ಟಿಯೂ ಎತ್ತಲಾರ, ಎತ್ತಿದರೂ ಮೆಲ್ಲನೆ ಓರೆ ಮಾಡಲಾರ.

ತಂಪು ಕೋಠಿಯಲ್ಲಿ ಇಂತಹ ಎಂಟು ಹತ್ತು ಪೆಟ್ಟಿಗೆಗಳನ್ನು ಒಂದರ ಮೇಲೊಂದರಂತೆ ಒಟ್ಟುತ್ತಾರೆ. ಎಂಟು ಪೆಟ್ಟಿಗೆಗಳ ಅಟ್ಟಿಯಲ್ಲಿ ಅತ್ಯಂತ ಕೆಳಗಿನ ಪೆಟ್ಟಿಗೆಯ ಮೇಲೆ 3220 ಕಿಲೋಗ್ರಾಂ ತೂಕ ಬೀಳುತ್ತದೆ. ಆದರೂ ಅದರಲ್ಲಿರುವ ಹಣ್ಣು ಜಜ್ಜುವುದಿಲ್ಲ. ಏಕೆಂದರೆ ಭಾರವೆಲ್ಲವೂ ಮೂಲೆಗಂಬಗಳ ಮತ್ತು ಪಕ್ಕದ ಹಲಗೆಗಳ ಮೂಲಕ ನೆಲಕ್ಕೆ ಇಳಿದುಹೋಗುತ್ತದೆ. ಹಣ್ಣನ್ನು ಪೆಟ್ಟಿಗೆಯ ಅಂಚಿಗಿಂತ ಮೇಲೆ ಗೋಪುರದಂತೆ ತುಂಬಿದರೆ ಮಾತ್ರ ಕೆಟ್ಟಿತು. ಕೋಠಿಯ ಬಾಗಿಲನ್ನು ಗಾಳಿಯಾಡದಂತೆ ಮುಚ್ಚಿ, ಒಳಗಿನ ಆಮ್ಲಜನಕವನ್ನು ನೂರಕ್ಕೆ ಒಂದೆರಡು ಪಾಲಿಗೆ ಇಳಿಸುವುದೂ ಉಂಟು. ಹೀಗೆ ಮಾಡಿದಾಗ ಹಣ್ಣಿನ ಉಸಿರಾಟ ಮಂದವಾಗಿ ಅದು ಬಹುಕಾಲ ಕೆಡದೆ ಉಳಿಯುತ್ತದೆ. ಅಂತಹ ಕೋಠಿಗೆ ಹೊರಗಾಳಿಯನ್ನು ತುಂಬುವ ಮುನ್ನ ಮನುಷ್ಯನು ಕಾಲಿಟ್ಟರೆ ಕ್ಷಣಗಳಲ್ಲಿ ಎಚ್ಚರ ತಪ್ಪಿ ಬೀಳುತ್ತಾನೆ.

ಅಟ್ಟಿ ಒಟ್ಟುವ ಕೆಲಸಕ್ಕೆ ಫೋರ್ಕ್‌ಲಿಫ್ಟ್ ಗಾಡಿ ಬೇಕು. ಅಮೆರಿಕದ ಕ್ಲಾರ್ಕ್ ಕಂಪೆನಿಯವರು 1917ರಲ್ಲಿ ತಮ್ಮ ಕಾರ್ಖಾನೆಯ ಸಾಮಾನು ಸಾಗಿಸಲು ಮಾಡಿಕೊಂಡ ಗಾಡಿಯಿಂದ ಇದರ ಚರಿತ್ರೆಯನ್ನು ಆರಂಭಿಸುವುದು ವಾಡಿಕೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದರ ಬಳಕೆ ಬಹಳ ಹೆಚ್ಚಿತು. ಗಾಡಿಯ ಮುಂದೆ ನೆಟ್ಟಗೆ ನಿಂತಿರುವ ಉಕ್ಕಿನ ಕಂಬಗಳ ಚೌಕಟ್ಟು, ಅದರ ನಡುವೆ ಮೇಲೆ ಕೆಳಗೆ ಸರಿಯುವ ಇನ್ನೊಂದು ಚೌಕಟ್ಟು, ಅದಕ್ಕೆ ತಗಲಿಕೊಂಡು ಮುಂದೆ ಚಾಚಿರುವ ಎರಡು ಉಕ್ಕಿನ ಕವಲುಗಳು, ನೋಡಲು ಇಷ್ಟೆ. ಒಳಗಿನ ಚೌಕಟ್ಟನ್ನು ಎಣ್ಣೆಯ ಒತ್ತಡದಿಂದ ಮೇಲೇರುವ ಪಿಸ್ಟನ್ನು ಎತ್ತುತ್ತದೆ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುವುದೆಂಬ ಪ್ಯಾಸ್ಕಲನ ನಿಯಮವನ್ನು ಓದುಗರು ಬಲ್ಲರು. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಹಕ್ಕುಪತ್ರ ಪಡೆದ ದ್ರವದೊತ್ತುಯಂತ್ರವೇ ಇದರ ಮೂಲ.

ಇಲ್ಲಿ ಒಂದು ಚಮತ್ಕಾರವಿದೆ. ಒಳಚೌಕಟ್ಟಿನ ತುದಿಯಲ್ಲಿ ಒಂದು ರಾಟೆಯಿದ್ದು, ಅದರ ಮೇಲೆ ಸರಪಣಿ ಹಾಯುತ್ತದೆ. ಸರಪಣಿಯ ಒಂದು ಕೊನೆಯನ್ನು ಹೊರಚೌಕಟ್ಟಿಗೆ ಬಿಗಿದಿರುತ್ತಾರೆ, ಇನ್ನೊಂದು ಕೊನೆಗೆ ಕವಲುಗಳು ತೂಗುತ್ತವೆ. ರಾಟೆ ಒಂದು ಅಡಿ ಮೇಲೇರಿದರೆ ಕವಲುಗಳು ಎರಡು ಅಡಿ ಏರುತ್ತವೆ. ಇದು ಉಚಿತವಾಗಿ ದೊರೆತ ಲಾಭವಲ್ಲ. ಪಿಸ್ಟನ್ನು ಭಾರದ ಎರಡರಷ್ಟು ಬಲವನ್ನು ಕೊಡಬೇಕಾಗುತ್ತದೆ. ಎರಡು ಪೆಟ್ಟಿಗೆಗಳು ಮತ್ತು ಕವಲುಗಳು ಸೇರಿ 1000 ಕಿಲೋಗ್ರಾಂ ಎನ್ನೋಣ. ಪಿಸ್ಟನ್ನಿನ ಮೇಲೆ 2000 ಕಿಲೋಗ್ರಾಂ ಭಾರ ಬೀಳುತ್ತದೆ. ಪಿಸ್ಟನ್ನಿನ ವಿಸ್ತೀರ್ಣ 20 ಚದರ ಸೆಂಟಿಮೀಟರಾದರೆ ಎಣ್ಣೆಯ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 100 ಕಿಲೋಗ್ರಾಂ, ಎಂದರೆ ವಾಯುಮಂಡಲದ ಒತ್ತಡದ ಸುಮಾರು ನೂರರಷ್ಟು ಇರಬೇಕು. ವೇಗದ ಅಥವಾ ದೂರದ ಲಾಭಕ್ಕೆ ಬಲವನ್ನು ತೆರಬೇಕೆಂಬ ಸರಳಯಂತ್ರಗಳ ಹಳೆಯ ಲೆಕ್ಕವೇ ಇದು.

ಇನ್ನು ಗಾಡಿ ಮುಗ್ಗರಿಸದಿರುವುದು ಹೇಗೆ? ಎತ್ತಿನ ಗಾಡಿಯ ಹಿಂಭಾಗಕ್ಕೆ ಅತಿಯಾಗಿ ಹೇರಿದಾಗ ನೊಗ ಮೇಲಕ್ಕೇಳುವುದನ್ನು ಹಳ್ಳಿಯ ಹುಡುಗರೆಲ್ಲ ನೋಡಿದ್ದಾರೆ. ಫೋರ್ಕ್‌ಲಿಫ್ಟ್ ಗಾಡಿಯ ಮುಂದಿನ ಅಚ್ಚು ಸನ್ನೆಗೋಲಿನ ಆಧಾರ. ಮುಂದಿರುವ ಹೊರೆಗೆ ಹಿಂದಿರುವ ದಪ್ಪ ಕಬ್ಬಿಣದ ಗುಂಡು ಸಮತೂಕ. ಗಾಡಿಯ ತೂಕ 3000 ಕಿಲೋಗ್ರಾಂ, ಅದರ ಗುರುತ್ವಕೇಂದ್ರ ಮುಂದಿನ ಅಚ್ಚಿಗಿಂತ 90 ಸೆಂಟಿಮೀಟರು ಹಿಂದೆ ಎಂದು ಭಾವಿಸೋಣ. ಹಿಂದಕ್ಕೆ ತಿರುಗಿಸುವ ಸಾಮರ್ಥ್ಯ 2,70,000. ಅಚ್ಚಿಗಿಂತ 100 ಸೆಂಟಿಮೀಟರು ಮುಂದಿರುವ 920 ಕಿಲೋಗ್ರಾಂ ಹೊರೆಯ ಮುಂದಕ್ಕೆ ತಿರುಗಿಸುವ ಸಾಮರ್ಥ್ಯ 92,000. ಆದುದರಿಂದ ಭಯವಿಲ್ಲವೆಂದು ತೋರುತ್ತದೆ.

ಅಪಾಯವಿರುವುದು ಪಕ್ಕದಲ್ಲಿ. ಗಾಡಿಗೆ ನಾಲ್ಕು ಚಕ್ರಗಳಿದ್ದರೂ, ಸಾಮಾನ್ಯವಾಗಿ ಹಿಂದಿನ ಅಚ್ಚು ನಡುವಿನ ಒಂದು ಗೂಟದ ಮೇಲೆ ತೂಗಾಡುವಂತೆ ಜೋಡಿಸಲ್ಪಟ್ಟಿರುತ್ತದೆ. ಆದಕಾರಣ ಗಾಡಿ ನಿಂತಿರುವುದು ವಾಸ್ತವವಾಗಿ ಮೂರು ಆಧಾರಗಳ ಮೇಲೆ: ಮುಂದಿನ ಎರಡು ಚಕ್ರಗಳು, ಹಿಂದಿನ ಒಂದು ಗೂಟ. ಗುರುತ್ವಕೇಂದ್ರದಿಂದ ಇಳಿಬಿಟ್ಟ ತೂಗುದಾರ ಈ ತ್ರಿಕೋನದೊಳಗೆ ಬೀಳುವವರೆಗೆ ಗಾಡಿ ನಿಲ್ಲುತ್ತದೆ. ಹೊರೆಯನ್ನು ನೆಲದಿಂದ ಒಂದು ಗೇಣಿನಷ್ಟೇ ಎತ್ತಿ ಒಯ್ಯುವಾಗ, ಗಾಡಿಯ ಸ್ವಂತ ಕೇಂದ್ರ 60 ಸೆಂಟಿಮೀಟರು ಎತ್ತರದಲ್ಲಿದ್ದರೆ, ಎರಡೂ ಸೇರಿದ ಕೇಂದ್ರ ಸುಮಾರು 67 ಸೆಂಟಿಮೀಟರು ಎತ್ತರದಲ್ಲಿರುತ್ತದೆ. ಅದೇ ಹೊರೆಯ ಕೇಂದ್ರವನ್ನು 5 ಮೀಟರಿಗೆ ಎತ್ತಿದರೆ ಒಟ್ಟು ಕೇಂದ್ರ 163 ಸೆಂಟಿಮೀಟರಿಗೆ ಏರುತ್ತದೆ. ಜಾತ್ರೆಯ ತೇರು ತಿರುವಿನಲ್ಲಿ ತೊನೆದಾಗ ಜನರು ಉಸಿರು ಬಿಗಿಹಿಡಿಯುವುದೂ ಇಂತಹ ಕಾರಣಕ್ಕಾಗಿಯೇ. ಮುಂದಿನ ಚಕ್ರಗಳ ನಡುವೆ ಒಂದು ಮೀಟರು, ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ 160 ಸೆಂಟಿಮೀಟರು ಅಂತರವಿರುವ ಗಾಡಿ, 3 ಮೀಟರು ತ್ರಿಜ್ಯದ ತಿರುವನ್ನು ತೆಗೆದುಕೊಳ್ಳುವುದೆನ್ನೋಣ. ಹೊರೆ ತಗ್ಗಿನಲ್ಲಿದ್ದರೆ ಅದು ಗಂಟೆಗೆ ಸುಮಾರು 14 ಕಿಲೋಮೀಟರು ವೇಗದಲ್ಲಿ ಮಗುಚುವುದು. ಹೊರೆ ಮೇಲಿದ್ದರೆ 9 ಕಿಲೋಮೀಟರು ಸಾಕು. ಇದು ಹುಡುಗನೊಬ್ಬನು ಹಗುರವಾಗಿ ಓಡುವ ವೇಗ! ಕಂಬದ ಬಾಗು, ನೆಲದ ಓರೆ, ಟೈರಿನ ಕುಗ್ಗು ಇವನ್ನು ಲೆಕ್ಕಕ್ಕೆ ಹಿಡಿದರೆ ಅಷ್ಟೂ ಬೇಕಾಗದು.

ಇದು ಕೇವಲ ಕಾಗದದ ಲೆಕ್ಕವಲ್ಲ. ಅಮೆರಿಕದಲ್ಲಿ 1980ರಿಂದ 1994ರವರೆಗೆ ಇಂತಹ ಗಾಡಿಗಳಿಂದ 1021 ಮಂದಿ ಕೆಲಸಗಾರರು ಸತ್ತರೆಂದು ಅಲ್ಲಿಯ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತಾ ಸಂಸ್ಥೆ 1999ರಲ್ಲಿ ಪ್ರಕಟಿಸಿತು. ಅವುಗಳಲ್ಲಿ ನೂರಕ್ಕೆ 22 ಸಾವುಗಳಿಗೆ ಗಾಡಿ ಮಗುಚಿದ್ದೇ ಕಾರಣ. ಬೇರೆ ಯಾವ ಒಂದು ಕಾರಣವೂ ಅಷ್ಟು ಜನರನ್ನು ಬಲಿ ತೆಗೆದುಕೊಂಡಿರಲಿಲ್ಲ. ಗಾಡಿ ವಾಲಿದಾಗ ಚಾಲಕನು ಸಹಜವಾಗಿ ಹೊರಕ್ಕೆ ನೆಗೆಯುತ್ತಾನೆ, ಗಾಡಿಯ ತಲೆಗಾವಲಿನ ಚೌಕಟ್ಟು ಅವನ ಮೇಲೆಯೇ ಬೀಳುತ್ತದೆ. ಆದ್ದರಿಂದ ಕುಳಿತು ನಡೆಸುವ ಗಾಡಿಯ ಚಾಲಕನಿಗೆ ಕಲಿಸುವ ಪಾಠವು ಸಹಜ ಬುದ್ಧಿಗೆ ವಿರುದ್ಧವಾದುದು: ನಡುಪಟ್ಟಿ ಕಟ್ಟಿಕೊಂಡಿರಬೇಕು, ನೆಗೆಯಬಾರದು, ಚಕ್ರವನ್ನು ಬಿಗಿಯಾಗಿ ಹಿಡಿದು, ಗಾಡಿ ಬೀಳುತ್ತಿರುವ ದಿಕ್ಕಿಗೆ ವಿರುದ್ಧವಾಗಿ ವಾಲಬೇಕು.

ಅಟ್ಟಿಯಿಂದ ಇಳಿದ ಪೆಟ್ಟಿಗೆಗಳು ಹಣ್ಣು ವಿಂಗಡಿಸುವ ಶಾಲೆಗೆ ಬರುತ್ತವೆ. ಅಲ್ಲಿ ಮೂರು ನಾಲ್ಕು ಪೆಟ್ಟಿಗೆಗಳ ಅಟ್ಟಿಯನ್ನು ಬಿಡಿಸುವ ಯಂತ್ರವೊಂದುಂಟು. ಮೇಲಿನಿಂದ ಒಂದೊಂದಾಗಿ ಇಳಿಸುವುದೇ ನ್ಯಾಯವೆಂದು ನಮಗೆ ತೋರುತ್ತದೆ. ಆದರೆ ಈ ಬಗೆಯ ಯಂತ್ರ ತಳದಿಂದ ಆರಂಭಿಸುತ್ತದೆ! ಎರಡು ಪಕ್ಕಗಳಿಂದ ಬಂದ ಕೈಗಳು ಕೆಳಗಿನಿಂದ ಎರಡನೆಯ ಪೆಟ್ಟಿಗೆಯನ್ನು ಹಿಡಿದು, ಅದರ ಮೇಲಿನವೆಲ್ಲದರ ಸಮೇತ ಒಂದಿಷ್ಟು ಎತ್ತುತ್ತವೆ. ಬಿಡುಗಡೆಯಾದ ಕೆಳಗಿನ ಪೆಟ್ಟಿಗೆ ಉರುಳೆಗಳ ಮೇಲೆ ಮುಂದೆ ಸಾಗುತ್ತದೆ. ಉಳಿದ ಅಟ್ಟಿಯನ್ನು ಇಳಿಸಿ, ಪುನಃ ಹಾಗೆಯೇ ಮಾಡುತ್ತದೆ. ಎತ್ತಬೇಕಾದ ಎತ್ತರ ಕೆಲವೇ ಬೆರಳು, ಯಂತ್ರಕ್ಕೆ ಎತ್ತರದ ಕಂಬವೇ ಬೇಡ.

ಈಗ ಬರಿದು ಮಾಡುವ ಪ್ರಶ್ನೆ. ಮೊರದಲ್ಲಿ ರಾಗಿಯಿಟ್ಟು ಮೆಲ್ಲಮೆಲ್ಲನೆ ಓರೆ ಮಾಡಿ ನೋಡಿರಿ. ಬಹಳ ಹೊತ್ತು ಏನೂ ಆಗುವುದಿಲ್ಲ. ಒಂದು ಕೋನವನ್ನು ದಾಟಿದೊಡನೆ ರಾಶಿಗೆ ರಾಶಿಯೇ ಜಾರುತ್ತದೆ. ಗೋಧಿಯಂತಹ ಕಾಳಿಗೆ ಈ ಕೋನ ಸುಮಾರು 25ರಿಂದ 30 ಡಿಗ್ರಿ. ಕಾಳಿಗೆ ಇದರಿಂದ ಹಾನಿಯಿಲ್ಲ. ಎರಡು ಸಾವಿರ ಸೇಬುಗಳು ಒಟ್ಟಿಗೆ ಕುಸಿದರೆ ಒಂದನ್ನೊಂದು ಜಜ್ಜುತ್ತವೆ. ಪೆಟ್ಟು ಬಿದ್ದಲ್ಲಿ ಜೀವಕೋಶಗಳು ಒಡೆದು, ಅವುಗಳೊಳಗಿನ ರಸಗಳು ಗಾಳಿಯ ಆಮ್ಲಜನಕದೊಡನೆ ಕೂಡಿ ಕಂದುಗಟ್ಟುತ್ತವೆ. ಅಂತಹ ಹಣ್ಣಿಗೆ ಅಂಗಡಿಯಲ್ಲಿ ಬೆಲೆಯಿಲ್ಲ; ವರ್ಷವಿಡೀ ದುಡಿದ ತೋಟಗಾರನ ಲಾಭ ಈ ಕೆಲವು ಕ್ಷಣಗಳಲ್ಲಿ ಕರಗಬಹುದು.

ಆದುದರಿಂದ ಪೆಟ್ಟಿಗೆಯ ಬಾಯಿಗೆ ಮೆತ್ತನೆಯ ಮುಚ್ಚಳವನ್ನು ಒತ್ತಿಹಿಡಿದು, ಪೆಟ್ಟಿಗೆಯನ್ನು ತಿರುಗಿಸಿದ ಮೇಲೆ ಮುಚ್ಚಳದ ಬಾಗಿಲನ್ನು ಸ್ವಲ್ಪಸ್ವಲ್ಪವಾಗಿ ತೆರೆಯುವ ಯಂತ್ರಗಳಿವೆ. ಇಲ್ಲಿ ಅಚ್ಚನ್ನು ಎಲ್ಲಿಡಬೇಕೆಂಬುದು ಮುಖ್ಯ. ತಳದ ಅಂಚನ್ನೇ ಅಚ್ಚಾಗಿ ಮಾಡಿ ತಿರುಗಿಸಿದರೆ ಆರಂಭದಲ್ಲಿ ಬಹಳ ಬಲ ಬೇಕು. ಗುರುತ್ವಕೇಂದ್ರ ಅಂಚಿನಿಂದ 60 ಸೆಂಟಿಮೀಟರು ಒಳಗೆ, 40 ಸೆಂಟಿಮೀಟರು ಮೇಲೆ ಇದ್ದರೆ, 56 ಡಿಗ್ರಿಯಷ್ಟು ಓರೆಯಾದಾಗ ಅದು ಅಂಚಿನ ನೆತ್ತಿಗೆ ಬರುತ್ತದೆ. ಅಲ್ಲಿಯವರೆಗೆ ಎತ್ತುತ್ತಿದ್ದ ಯಂತ್ರ ಅಲ್ಲಿಂದ ಮುಂದೆ ಹಿಡಿದು ತಡೆಯುವ ಯಂತ್ರವಾಗಬೇಕು. ಇಲ್ಲವಾದರೆ ಪೆಟ್ಟಿಗೆ ದೊಪ್ಪನೆ ಕವಿದುಬೀಳುತ್ತದೆ. ಅಚ್ಚನ್ನು ಗುರುತ್ವಕೇಂದ್ರದ ಸಮೀಪದಲ್ಲಿಯೇ ಇಟ್ಟರೆ ಈ ತೊಂದರೆಯಿಲ್ಲ, ಸಣ್ಣ ಮೋಟಾರೂ 460 ಕಿಲೋಗ್ರಾಮನ್ನು ನಿಧಾನವಾಗಿ ಉರುಳಿಸಬಲ್ಲದು.

ನಮಗೆ ಇದಕ್ಕಿಂತಲೂ ಮೆಚ್ಚುಗೆಯಾದುದು ಮತ್ತೊಂದು ಉಪಾಯ. ಸೇಬಿನ ಗಾತ್ರದಲ್ಲಿ ಸುಮಾರು ಐದನೆಯ ಒಂದು ಭಾಗ ಗಾಳಿ. ಬಕೀಟಿನ ನೀರಿನಲ್ಲಿ ಒಂದು ಸೇಬನ್ನು ಬಿಟ್ಟು, ಎಷ್ಟು ಭಾಗ ಮೇಲೆ ಕಾಣುವುದೆಂದು ಓದುಗರು ಪರೀಕ್ಷಿಸಬಹುದು. ಹೀಗಿರುವಾಗ ಪೆಟ್ಟಿಗೆಯನ್ನು ಎತ್ತುವುದೇಕೆ? ಅದನ್ನು ಇಳಿಜಾರಾದ ಸರಪಣಿಗಳ ಮೇಲೆ ನೀರಿನ ತೊಟ್ಟಿಗೆ ಇಳಿಸಿದರೆ ಸಾಕು. ಸಾಂದ್ರತೆ 0.8 ಎಂದಿಟ್ಟುಕೊಂಡರೆ 400 ಕಿಲೋಗ್ರಾಂ ಸೇಬು 500 ಲೀಟರು ನೀರನ್ನು ಪಲ್ಲಟಗೊಳಿಸುತ್ತದೆ. ಆರ್ಕಿಮಿಡೀಸನ ನಿಯಮದಂತೆ 100 ಕಿಲೋಗ್ರಾಮಿನಷ್ಟು ಬಲ ಹಣ್ಣುಗಳನ್ನು ಮೇಲಕ್ಕೆ ತಳ್ಳುತ್ತದೆ. ಪೆಟ್ಟಿಗೆ ಮುಳುಗುತ್ತ ಹೋದಂತೆ ಹಣ್ಣುಗಳು ಒಂದೊಂದಾಗಿ ತೇಲಿ, ಹರಿವಿನೊಡನೆ ಸಾಗಿಹೋಗುತ್ತವೆ. ಮರದ ಪೆಟ್ಟಿಗೆಯೂ ತೇಲಲೆಳಸುವುದರಿಂದ ಅದನ್ನು ಮೇಲಿನಿಂದ ಒತ್ತಿಹಿಡಿಯಬೇಕಾಗುತ್ತದೆ, ಅಷ್ಟೆ.

ಮರಸೇಬು ಎಂದು ಕರೆಯುವ ಪಿಯರ್ ಹಣ್ಣಿನಲ್ಲಿ ಈ ಉಪಾಯ ನೇರವಾಗಿ ನಡೆಯದು. ಅದರಲ್ಲಿ ಗಾಳಿ ಕಡಿಮೆ. ಸಾಂದ್ರತೆ ನೀರಿಗೆ ಬಲು ಸಮೀಪ. ಆದಕಾರಣ ಸೋಡಿಯಂ ಸಲ್ಫೇಟಿನಂತಹ ಲವಣಗಳನ್ನು ಕರಗಿಸಿ ತೊಟ್ಟಿಯ ನೀರನ್ನೇ ಭಾರ ಮಾಡುತ್ತಾರೆ. ಹೊರಬಂದ ಹಣ್ಣನ್ನು ಬಳಿಕ ತಿಳಿನೀರಿನಲ್ಲಿ ತೊಳೆಯುತ್ತಾರೆ. ನೀರಿನ ತೊಟ್ಟಿಗೆ ತನ್ನದೇ ಆದ ದೋಷವೂ ಉಂಟು. ಒಂದು ಕೊಳೆತ ಹಣ್ಣಿನಲ್ಲಿರುವ ನೀಲಿ ಬೂಷ್ಟಿನ ಬೀಜಕಣಗಳು ಅದೇ ನೀರಿನಲ್ಲಿ ಹರಡಿ ಸಾವಿರ ಹಣ್ಣುಗಳ ಗಾಯಗಳನ್ನು ಸೇರಬಲ್ಲುವು. ಇದಕ್ಕಾಗಿ ನೀರಿಗೆ ಕ್ಲೋರಿನ್ ಬೆರೆಸುವುದು, ಕಾಲಕಾಲಕ್ಕೆ ಅದನ್ನು ಬದಲಾಯಿಸುವುದು ನಡೆದೇ ಇದೆ. ಬರಿದಾದ ಪೆಟ್ಟಿಗೆಗಳು ತೊಟ್ಟಿಯ ಇನ್ನೊಂದು ಕೊನೆಯಲ್ಲಿ ನೀರು ಸೋರಿಸುತ್ತ ಮೇಲಕ್ಕೆ ಬರುತ್ತವೆ; ಅಲ್ಲಿ ಅವುಗಳನ್ನು ಪುನಃ ಅಟ್ಟಿಯಾಗಿ ಒಟ್ಟಿ ತೋಟಕ್ಕೆ ಕಳುಹಿಸುತ್ತಾರೆ.