ಗೀಜರ್ ಬದಲಿಸುವ ಮೊದಲು ಗೋಡೆ ನೋಡಿ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಎಷ್ಟೋ ಹಳೆಯ ಮನೆಗಳ ಬಚ್ಚಲಲ್ಲಿ ಹಂಡೆಯ ಜಾಗಕ್ಕೆ ಬಂದ ಗೀಜರೂ ಈಗ ಹಳತಾಗಿದೆ. ಹೊಸದನ್ನು ಕೂರಿಸಲು ಬಂದವರು ಹಳೆಯ ತೂತಿಗೇ ಬೋಲ್ಟ್ ತುರುಕಲು ಹೊರಟರೆ ದಯವಿಟ್ಟು ತಡೆಯಿರಿ.

25 ಲೀಟರಿನ ಗೀಜರಿನಲ್ಲಿ ನೀರೇ 25 ಕಿಲೋ, ಖಾಲಿ ತೊಟ್ಟಿಯ ತೂಕ ಬೇರೆ. ಇಷ್ಟೂ ಭಾರ ಹಗಲುರಾತ್ರಿ ಗೋಡೆಯ ಮೇಲೇ. ಹೊರಗೆ ಸಿಮೆಂಟ್ ಗಿಲಾವು ಕಂಡರೂ ಒಳಗೆ ಕಲ್ಲು-ಮಣ್ಣಿನ ಗೋಡೆಯಿದ್ದರೆ ಬೋಲ್ಟಿಗೆ ಹಿಡಿತವೇ ಸಿಗದು. ಡ್ರಿಲ್ ಮಾಡುವಾಗ ಕೆಂಪು ಮಣ್ಣು ಉದುರಿತೇ? ಅಲ್ಲಿಗೇ ನಿಲ್ಲಿಸಿ. ವೆಲ್ಡಿಂಗ್ ಅಂಗಡಿಯಲ್ಲಿ ನೆಲದ ಮೇಲೆ ಕಾಲೂರಿ ನಿಲ್ಲುವ ಕಬ್ಬಿಣದ ಆಂಗಲ್ ಚೌಕಟ್ಟು ಮಾಡಿಸಿ, ಬಣ್ಣ ಹೊಡೆಸಿ, ಗೀಜರನ್ನು ಅದಕ್ಕೇ ತೂಗುಹಾಕಿ. ಗೋಡೆ ಅದನ್ನು ವಾಲದಂತೆ ಹಿಡಿದರೆ ಸಾಕು.

ಕಪಾಟಿನಲ್ಲೋ ಅಟ್ಟದಲ್ಲೋ ಇಡುವುದಾದರೆ ಅಡ್ಡ ಮಲಗುವ ಮಾದರಿಯನ್ನೇ ಕೇಳಿ; ನಿಲ್ಲುವ ಮಾದರಿಯನ್ನು ಮಲಗಿಸಬಾರದು. ನಮ್ಮ ಬೋರಿನ ಗಡಸು ನೀರಿಗೆ ಕಾಯಿಲ್ ಮೇಲೆ ಬಿಳಿ ಪದರ ಬೇಗ ಕಟ್ಟುತ್ತದೆ. ಹಾಗಾಗಿ ಬಿಚ್ಚಿ ತೊಳೆಯಲು ಕೈಯಾಡುವಷ್ಟು ಜಾಗ ಬಿಡಿ. ಒತ್ತಡ ಬಿಡುವ ವಾಲ್ವಿನಿಂದ ನೀರು ಹನಿಯುತ್ತದೆಂದು ಅದನ್ನೆಂದೂ ಮುಚ್ಚಬೇಡಿ.