ಆಡಿದರು, ಆಡಲು ಕಲಿಸಿದರು

ನಮ್ಮ ಕುಕನೂರಿನ ಕಡೆ ಹುಡುಗರು ಕಬಡ್ಡಿ ಆಡುತ್ತಾರೆ. ‘ಹೆಣ್ಣುಮಕ್ಕಳಿಗ್ಯಾಕ ಈ ಆಟ?’ ಅಂತಾರೆ ಕೆಲವರು. ಅವರಿಗೆ ನಾವು ತೇಜಸ್ವಿನಿ ಬಾಯಿ ಅವರ ಕತೆ ಹೇಳೋಣ.

ತೇಜಸ್ವಿನಿ ನಮ್ಮ ಕರ್ನಾಟಕದವರು. 2010ರಲ್ಲಿ ಚೀನಾ ದೇಶದಲ್ಲಿ ಏಷ್ಯಾ ಕ್ರೀಡಾಕೂಟ ನಡೆಯಿತು. ಆ ಕೂಟದಲ್ಲಿ ಹೆಂಗಸರ ಕಬಡ್ಡಿ ಇಟ್ಟದ್ದು ಅದೇ ಮೊದಲು. ನಮ್ಮ ದೇಶಕ್ಕೆ ಚಿನ್ನದ ಪದಕ ಬಂತು. ಗೆದ್ದ ತಂಡದಲ್ಲಿ ತೇಜಸ್ವಿನಿ ಇದ್ದರು. 2011ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಸಿಕ್ಕಿತು. 2014ರಲ್ಲಿ ಮತ್ತೆ ಚಿನ್ನ ಗೆದ್ದಾಗ ಅವರೇ ನಾಯಕಿ.

2021ರಲ್ಲಿ ಕೊರೊನಾ ಬಂದು ಗಂಡ ತೀರಿಕೊಂಡರು. ಆದರೂ ಅವರು ಕಬಡ್ಡಿ ಬಿಡಲಿಲ್ಲ. ದೇಶದ ಹೆಣ್ಣುಮಕ್ಕಳ ತಂಡಕ್ಕೆ ಕೋಚ್ ಆದರು. ಕೋಚ್ ಅಂದರೆ ಆಟ ಕಲಿಸುವವರು. 2025ರಲ್ಲಿ ಆ ತಂಡ ಢಾಕಾದಲ್ಲಿ ವಿಶ್ವಕಪ್ ಗೆದ್ದಿತು.

ಆಡುವ ವಯಸ್ಸು ಹೋಗುತ್ತದೆ. ಕಲಿತ ವಿದ್ಯೆ ಹೋಗುವುದಿಲ್ಲ. ನಾವು ಕಲಿತ ಅಕ್ಷರವೂ ಹಾಗೇ. ಅದನ್ನು ಇನ್ನೊಬ್ಬ ಅಕ್ಕನಿಗೆ ಕಲಿಸೋಣ.