ಕಂಟೇನರ್‌ಗೆ ಹಿಡಿಸದ ಯಂತ್ರ

ವ್ಯವಹಾರ ಅಧ್ಯಯನದಲ್ಲಿ ಅಂತರರಾಷ್ಟ್ರೀಯ ವ್ಯಾಪಾರದ ಪಾಠ ಓದುವಾಗ ಹಡಗು ಎಂದರೆ ನನ್ನ ಕಣ್ಣಮುಂದೆ ಬರುತ್ತಿದ್ದುದು ಸಾಲಾಗಿ ಪೇರಿಸಿದ ಕಂಟೇನರ್‌ಗಳು ಮಾತ್ರ. ಅದರೊಳಗೆ ಹೋಗದ ಸರಕಿನ ಬಗ್ಗೆ ಯೋಚಿಸಿರಲಿಲ್ಲ. ಯೋಚಿಸುವಂತೆ ಮಾಡಿದ್ದು ನಮ್ಮ ಮಾಮೂ. ಅವರು ಕೆಲಸ ಮಾಡುವ ವರ್ಕ್‌ಶಾಪಿನವರು ದುಬೈಗೆ ಒಂದು ದೊಡ್ಡ ಪ್ರೆಸ್ ಯಂತ್ರ ಕಳಿಸಿದರು. ಸಾಗಣೆ ವೆಚ್ಚವನ್ನು ಬರೀ ತೂಕದ ಮೇಲೆ ಅಂದಾಜು ಮಾಡಿ ಬೆಲೆ ಒಪ್ಪಿಕೊಂಡಿದ್ದರು. ಹಡಗಿನ ಬಿಲ್ಲು ಬಂದಾಗ ಲಾಭವೆಲ್ಲ ಅದಕ್ಕೇ ಹೋಯಿತು.

ಸಾಮಾನ್ಯ ಕಂಟೇನರ್‌ನ ಒಳ ಅಗಲ ಸುಮಾರು 2.35 ಮೀಟರ್. ಬಾಗಿಲಿನ ಎತ್ತರ ಸುಮಾರು 2.28 ಮೀಟರ್. ಒಳಗೆ ಜಾಗವಿದ್ದರೂ ಬಾಗಿಲಲ್ಲಿ ನುಗ್ಗದಿದ್ದರೆ ಪ್ರಯೋಜನವಿಲ್ಲ. ಮನೆಗೆ ಹೊಸ ಬೀರು ತಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎತ್ತರ ಮಾತ್ರ ಹೆಚ್ಚಿದ್ದರೆ ಮೇಲ್ಛಾವಣಿ ಇಲ್ಲದ 'ಓಪನ್ ಟಾಪ್' ಕಂಟೇನರ್ ಸಾಕು. ಅಗಲವೂ ಹೆಚ್ಚಿದ್ದರೆ ಪಕ್ಕದ ಗೋಡೆಗಳಿಲ್ಲದ 'ಫ್ಲ್ಯಾಟ್ ರ‍್ಯಾಕ್' ಬೇಕು. ಯಂತ್ರ ಅದರಿಂದ ಹೊರಚಾಚಿದರೆ ಪಕ್ಕದಲ್ಲಿ ಬೇರೆ ಕಂಟೇನರ್ ಇಡಲಾಗುವುದಿಲ್ಲ. ಆ ಖಾಲಿ ಜಾಗದ ಬಾಡಿಗೆಯನ್ನೂ ನಮ್ಮಿಂದಲೇ ವಸೂಲು ಮಾಡುತ್ತಾರೆ.

ಮೂರನೆಯ ದಾರಿ 'ಬ್ರೇಕ್ ಬಲ್ಕ್'. ಕಂಟೇನರ್ ಇಲ್ಲದೆ ಯಂತ್ರವನ್ನೇ ಕ್ರೇನಿನಿಂದ ಎತ್ತಿ ಹಡಗಿಗೆ ಇಳಿಸುವುದು. ಇಲ್ಲಿ ಸಾಮಾನ್ಯವಾಗಿ ಟನ್ನುಗಳಲ್ಲಿ ತೂಕ ಹೆಚ್ಚೋ, ಘನ ಮೀಟರುಗಳಲ್ಲಿ ಗಾತ್ರ ಹೆಚ್ಚೋ ನೋಡಿ, ಹೆಚ್ಚಿರುವುದರ ಮೇಲೆ ಬಾಡಿಗೆ ಹಾಕುತ್ತಾರೆ. ಯಂತ್ರದ ತೂಕ 18 ಟನ್, ಅಳತೆ 5 × 3 × 3 ಮೀಟರ್ ಎಂದುಕೊಳ್ಳಿ. ಗಾತ್ರ 45 ಘನ ಮೀಟರ್. ದರ 60 ಡಾಲರ್ ಎಂದಿಟ್ಟುಕೊಂಡರೆ, ತೂಕದ ಲೆಕ್ಕಕ್ಕೆ 1,080 ಡಾಲರ್, ಗಾತ್ರದ ಲೆಕ್ಕಕ್ಕೆ 2,700 ಡಾಲರ್. ಕೊಡಬೇಕಾದ್ದು ಎರಡನೆಯದು. ಅಳತೆಯನ್ನು ತುದಿಯಿಂದ ತುದಿಗೆ ಹಿಡಿಯುತ್ತಾರೆ. ಹಾಗಾಗಿ ಪಕ್ಕದಲ್ಲಿ 40 ಸೆಂಟಿಮೀಟರ್ ಹೊರಚಾಚಿದ ಒಂದೇ ಒಂದು ಪೈಪಿನಿಂದ ಗಾತ್ರ 51 ಘನ ಮೀಟರ್ ಆಗಿ, ಇನ್ನೂ 360 ಡಾಲರ್ ಏರುತ್ತದೆ! ಪೈಪು ಬಿಚ್ಚಿ ಕಳಿಸಿದರೆ ಆ ಹಣ ಉಳಿಯುತ್ತದೆ. ಮಾಮೂ ಅವರ ವರ್ಕ್‌ಶಾಪಿನಲ್ಲಿ ಈಗ ಬೆಲೆ ಹೇಳುವ ಮೊದಲು ಟೇಪು ಹಿಡಿಯುತ್ತಾರೆ.

ಹಾಗಾದರೆ ಎಲ್ಲವನ್ನೂ ಬಿಚ್ಚಿಯೇ ಕಳಿಸಬಹುದಲ್ಲ? ನಮ್ಮ ಮೆಟ್ರೋಗೆ ಸುರಂಗ ಕೊರೆದ 'ಊರ್ಜಾ' ಯಂತ್ರ ಚೀನಾದಲ್ಲಿ ತಯಾರಾದದ್ದು. ಬೆಂಗಳೂರಿಗೆ ಸಮುದ್ರವಿಲ್ಲ, ಕೊನೆಯ ಪಯಣ ರಸ್ತೆಯಲ್ಲೇ ಆಗಬೇಕು. ಆದ್ದರಿಂದ ಅದು ಭಾಗಭಾಗವಾಗಿ ಬಂದು ಇಲ್ಲಿ ಜೋಡಣೆಯಾಯಿತು. 2021ರ ಸೆಪ್ಟೆಂಬರ್‌ನಲ್ಲಿ ಶಿವಾಜಿನಗರದಲ್ಲಿ ನೆಲದಡಿಯ ಗೋಡೆ ಸೀಳಿ ಹೊರಬಂತು. ಕೇರಳದ ವಿಳಿಞಂ ಬಂದರಿನ ಕ್ರೇನುಗಳದ್ದು ಬೇರೆ ಕಥೆ. 2023ರ ಅಕ್ಟೋಬರ್‌ನಲ್ಲಿ 'ಝೆನ್ ಹುವಾ 15' ಎಂಬ ಹಡಗು ಅವನ್ನು ನಿಂತ ನಿಲುವಿನಲ್ಲೇ ಚೀನಾದಿಂದ ಹೊತ್ತು ತಂತು. ಅವು ನಿಲ್ಲಬೇಕಾದ ಜಾಗ ಬಂದರಿನ ದಂಡೆಯೇ, ರಸ್ತೆಯ ಪ್ರಶ್ನೆಯೇ ಇಲ್ಲ. ಆದರೆ ಅಲೆಗಳ ಅಬ್ಬರಕ್ಕೆ ಇಳಿಸುವ ಕೆಲಸ ಕೆಲವು ದಿನ ತಡವಾಯಿತು. ಬಿಚ್ಚಿದರೆ ಮತ್ತೆ ಜೋಡಿಸುವ ಎಂಜಿನಿಯರುಗಳ ಖರ್ಚು, ಬಿಚ್ಚದಿದ್ದರೆ ಹಡಗಿನ ಖರ್ಚು.

ಇನ್ನು ಪರೀಕ್ಷೆಯಲ್ಲಿ ನಾನೂ ತಪ್ಪು ಬರೆದ ವಿಷಯ: ಸಿಐಎಫ್. ಮಾರುವವನು ತಲುಪುವ ಬಂದರಿನವರೆಗಿನ ಬಾಡಿಗೆಯನ್ನೂ ವಿಮೆಯನ್ನೂ ಕಟ್ಟುತ್ತಾನೆ, ಹಾಗಾಗಿ ಅಪಾಯದ ಹೊಣೆಯೂ ಅಲ್ಲಿಯವರೆಗೆ ಅವನದೇ ಎಂದು ಬರೆದಿದ್ದೆ. ಅದು ಸರಿಯಲ್ಲ. ಎಫ್‌ಒಬಿಯಲ್ಲಿ ಇರುವಂತೆಯೇ, ಸರಕು ಹೊರಡುವ ಬಂದರಿನಲ್ಲಿ ಹಡಗಿಗೆ ಏರಿದೊಡನೆ ಹೊಣೆ ಕೊಳ್ಳುವವನಿಗೆ ದಾಟುತ್ತದೆ. ಎತ್ತುವಾಗ ಯಂತ್ರ ದಂಡೆಯ ಮೇಲೆ ಬಿದ್ದರೆ ನಷ್ಟ ಮಾರುವವನದು; ನಡುನೀರಿನಲ್ಲಿ ಹಾಳಾದರೆ ಕೊಳ್ಳುವವನದು.

ವಿಮೆಯಲ್ಲೂ ಒಂದು ಸೂಕ್ಷ್ಮವಿದೆ. ಇನ್‌ಕೋಟರ್ಮ್ಸ್ 2020ರ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಸಿಐಎಫ್‌ನಲ್ಲಿ ಮಾರುವವನು ಅತಿ ಕಡಿಮೆ ರಕ್ಷಣೆಯ 'ಸಿ' ವಿಮೆ ಮಾಡಿಸಿದರೆ ಸಾಕು. ದೊಡ್ಡ ಯಂತ್ರಗಳನ್ನು ಹಲವು ಸಲ ಹಡಗಿನ ತೆರೆದ ಅಟ್ಟದ ಮೇಲೆಯೇ ಕಟ್ಟಿ ಒಯ್ಯುತ್ತಾರೆ. ಅಲೆ ಬಡಿದು ಸರಕು ಕೊಚ್ಚಿಹೋದರೆ 'ಸಿ' ವಿಮೆಯಲ್ಲಿ ಪರಿಹಾರವಿಲ್ಲ. ಆದ್ದರಿಂದ ಕೊಳ್ಳುವವನು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ 'ಎ' ವಿಮೆ ಕೇಳಿ ಬರೆಸಿಕೊಳ್ಳಬೇಕು, ಯಂತ್ರ ಅಟ್ಟದ ಮೇಲೆ ಹೋಗುತ್ತದೆ ಎಂಬುದನ್ನು ವಿಮಾ ಕಂಪನಿಗೂ ತಿಳಿಸಿರಬೇಕು.